ಮಳೆ ಹಂಚಿ ಗಿರಾಕಿ ಹುಡುಕಿದ್ದು

ಜೂನ್ ತಿಂಗಳು ಕಾಲಿಟ್ಟ ಮೇಲೆ ಕೊಡಗಿನಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರವೆಲ್ಲ ಆಮೇಲಿನ ಮಾತು, "ನಿಮ್ಮಲ್ಲಿ ಎಷ್ಟು ಬಿತ್ತು?" ಎಂಬುದೇ ಮೊದಲ ಪ್ರಶ್ನೆ. ಬಿದ್ದದ್ದು ಮರವೋ ಮನುಷ್ಯನೋ ಎಂದು ಹೊರಗಿನವರು ಗಾಬರಿಪಡಬೇಕಿಲ್ಲ, ವಿಚಾರಣೆ ಮಳೆಯದು. ಉತ್ತರ ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟುಗಳಲ್ಲಿ ಬರುತ್ತದೆ. ಪಕ್ಕದ ತೋಟಕ್ಕಿಂತ ತಮ್ಮಲ್ಲಿ ಒಂದಿಷ್ಟು ಹೆಚ್ಚೇ ಬಿದ್ದಿತೆಂದು ಹೇಳುವವರ ಮುಖದಲ್ಲಿ ಆ ಮಳೆಯನ್ನು ತಾವೇ ಸುರಿಸಿದಷ್ಟು ಗಾಂಭೀರ್ಯವಿರುತ್ತದೆ. ಈ ನಿರುಪದ್ರವಿ ಹೆಮ್ಮೆ ಒಂದು ದಿನ ನನ್ನ ಅನ್ನದ ದಾರಿಯಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಾನೂ ಗೆಳೆಯ ಜೋಯಪ್ಪನೂ ವಿರಾಜಪೇಟೆಯ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತೇವೆ. ಕಾಫಿ ತೋಟದ ಕೆಲಸಗಾರರ ಹಾಜರಿ, ಕುಯ್ದ ಹಣ್ಣಿನ ತೂಕ, ವಾರದ ಬಟವಾಡೆ ಇವಿಷ್ಟನ್ನೂ ಮೊಬೈಲಿನಲ್ಲೇ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಮಾಡುವ ವಿದ್ಯೆ ಗೊತ್ತಿತ್ತು, ಮಾರುವ ವಿದ್ಯೆ ಗೊತ್ತಿರಲಿಲ್ಲ. ದೊಡ್ಡ ಎಸ್ಟೇಟುಗಳ ಅಧಿಕಾರಿಗಳಿಗೆ ಘನವಾದ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದೆವು. ಪಿತೃಗಳಿಗೆ ಬಿಟ್ಟ ಎಳ್ಳುನೀರಿನಂತೆ ಅದು ತಲುಪಿತೋ ಇಲ್ಲವೋ ತಿಳಿಯುವ ಬಗೆಯೇ ಇರಲಿಲ್ಲ. ಟೈ ಕಟ್ಟಿಕೊಂಡು ಖುದ್ದಾಗಿ ಹೋದರೆ, ಒಂದು ಗೇಟಿನ ಕಾವಲುಗಾರ ನನ್ನನ್ನು ಇನ್ಶೂರೆನ್ಸಿನವನೆಂದು ತಿಳಿದು, "ಸಾಹೇಬರು ಆರೋಗ್ಯವಾಗಿದ್ದಾರೆ" ಎಂದು ಹೇಳಿ ಹಿಂದಕ್ಕೆ ಕಳಿಸಿದ. ಜಾಹೀರಾತಿಗೆ ಕೈಯಲ್ಲಿ ಕಾಸಿರಲಿಲ್ಲ. ಹೀಗೆ ಪ್ರಚಾರಕ್ಕೆ ಹೊರಟಲ್ಲೆಲ್ಲ ಗ್ರಹಚಾರವೇ ಎದುರಾಗಿ, ಆ ಮಳೆಗಾಲ ಮುಗಿಯುವುದರೊಳಗೆ ದೊಡ್ಡ ಗಿರಾಕಿಯೊಬ್ಬರು ಸಿಗದಿದ್ದರೆ ಬಾಗಿಲು ಹಾಕಿಬಿಡುವುದೆಂದು ಇಬ್ಬರೂ ತೀರ್ಮಾನಿಸಿದೆವು. ಮನೆಯಲ್ಲಿ ಮಾತ್ರ ಹೇಳುವ ಧೈರ್ಯವಾಗಲಿಲ್ಲ.

ಆಗಲೇ ಜೋಯಪ್ಪ, "ಅಲ್ಲ ಮಾರಾಯ, ನಮ್ಮ ಸಾಫ್ಟ್‌ವೇರಿನ ಸುದ್ದಿ ಯಾರಿಗೆ ಬೇಕು? ಎಲ್ಲರಿಗೂ ಬೇಕಾದ್ದು ಮಳೆ. ಅದನ್ನೇ ಕಳಿಸುವ" ಎಂದದ್ದು. ನಾಪೋಕ್ಲು, ಬಿಟ್ಟಂಗಾಲ, ಪಾಲಿಬೆಟ್ಟದ ಪರಿಚಿತರನ್ನು ಬೆಳಿಗ್ಗೆ ಬೆಳಿಗ್ಗೆ ಕೇಳಿ, ಎಲ್ಲಿ ಎಷ್ಟು ಮಳೆಯಾಯಿತೆಂದು ಒಟ್ಟುಗೂಡಿಸಿ, ಕೆಳಗೆ ನಮ್ಮ ಕಂಪನಿಯ ಹೆಸರನ್ನು ಸಂಕೋಚದಿಂದ ಸೇರಿಸಿ, ನಮಗೆ ಸಿಕ್ಕ ಮ್ಯಾನೇಜರುಗಳಿಗೆಲ್ಲ ವಾಟ್ಸಾಪಿನಲ್ಲಿ ಕಳಿಸತೊಡಗಿದೆವು. ದೇವರು ಪುಕ್ಕಟೆ ಸುರಿಸಿದ್ದನ್ನು ನಾವೂ ಪುಕ್ಕಟೆಯಾಗಿಯೇ ಹಂಚಿದೆವು. ಯಾರೂ ಉತ್ತರಿಸಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ.

ಒಂದು ದಿನ ಗಾಳಿಗೆ ಮರಗಳು ಉರುಳಿ, ಕರೆಂಟೂ ನೆಟ್‌ವರ್ಕೂ ಹೋಗಿ, ಸಂದೇಶ ಕಳಿಸಲಾಗಲಿಲ್ಲ. ಮಧ್ಯಾಹ್ನ ಫೋನಿಗೆ ಜೀವ ಬಂದ ತಕ್ಷಣ ಅಪರಿಚಿತ ದನಿಯೊಂದು ಗದರಿತು: "ಇವತ್ತು ನಿಮ್ಮ ಮಳೆ ಬರಲೇ ಇಲ್ಲವಲ್ಲ?"

ಪಾಲಿಬೆಟ್ಟದ ಕಡೆಯ ದೊಡ್ಡ ತೋಟದ ಕಂಪನಿಯೊಂದರ ಜನರಲ್ ಮ್ಯಾನೇಜರ್ ಅವರು. ವರುಣನ ಪರವಾಗಿ ನಾನೇ ಕ್ಷಮೆ ಕೇಳಿದೆ. ಅವರು ನಕ್ಕು, "ಕೆಳಗೆ ಅದೇನೋ ಕಂಪನಿ ಹೆಸರು ಹಾಕ್ತೀರಲ್ಲ, ಅದು ಎಂಥ ಮಾಡ್ತದೆ?" ಎಂದು ಕೇಳಿದರು. ಹೇಳಿದೆ. "ಸೋಮವಾರ ಡೈರೆಕ್ಟರುಗಳು ಬರ್ತಾರೆ. ನೀವೂ ಬನ್ನಿ."

ಸೋಮವಾರ ನಾನು ತೋರಿಸಿದ್ದನ್ನೆಲ್ಲ ಅವರು ಸೌಜನ್ಯದಿಂದ ನೋಡಿದರು. ಕೊನೆಗೆ, ಬೆಂಗಳೂರಿನಿಂದ ಬಂದಿದ್ದ ಡೈರೆಕ್ಟರ್ ಮೇಡಂ ಒಬ್ಬರು, "ಇದನ್ನು ಬಳಸುತ್ತಿರುವವರ ಹತ್ತಿರ ಈಗಲೇ ಮಾತಾಡಬಹುದಾ?" ಎಂದರು. ಹಾಗೆ ಬಳಸುತ್ತಿದ್ದವರು ಇಡೀ ಜಗತ್ತಿನಲ್ಲಿ ಒಬ್ಬರೇ, ಬಿಟ್ಟಂಗಾಲದಲ್ಲಿ ತಮ್ಮ ತೋಟವನ್ನು ತಾವೇ ನೋಡಿಕೊಳ್ಳುವ ಮುತ್ತಮ್ಮ ಆಂಟಿ. ಅವರ ಮನಸ್ಸು ಬೆಣ್ಣೆ, ನಾಲಗೆ ಮಾತ್ರ ಗಾಂಧಾರಿ ಮೆಣಸು. ಬೇರೆ ದಾರಿಯಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಅಯ್ಯೋ, ಅದಾ? ಅದರ ಕತೆ ಕೇಳಬೇಡಿ" ಎಂದು ಆಂಟಿ ಶುರುಮಾಡಿದರು. "ಮಳೆ ಜೋರಾದರೆ ನಿಂತೇ ಬಿಡ್ತದೆ. ಒಂದು ದಿನ ಹಾಜರಿ ಹಾಕುವ ನಮ್ಮ ರೈಟರಿಗೇ ಗೈರುಹಾಜರಿ ಹಾಕಿತ್ತು. ಪಾಪ, ಅವನು ಅದನ್ನು ಕೈಯಲ್ಲಿ ಹಿಡ್ಕೊಂಡು ನನ್ನ ಎದುರಿಗೇ ನಿಂತಿದ್ದ!"

ಡೈರೆಕ್ಟರುಗಳು ನಕ್ಕರು. ನಾನು ಮೇಜಿನ ಕಾಲನ್ನು ನೋಡುತ್ತಾ ಕುಳಿತೆ.

"ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ?" ಎಂದರು ಮೇಡಂ.

"ಬೈದರೆ ಬರ್ತಾರಲ್ಲ! ಮೊನ್ನೆ ರಸ್ತೆಗೆ ಮರ ಬಿದ್ದಿತ್ತು. ಆ ಹುಡುಗ ಬೈಕು ಅಲ್ಲೇ ಬಿಟ್ಟು, ಜಿಗಣೆ ಕಚ್ಚಿಸಿಕೊಂಡು ನಡೆದೇ ಬಂದ. ಸರಿ ಮಾಡಿ, ರೊಟ್ಟಿ ತಿಂದು ಹೋದ. ದೊಡ್ಡ ಕಂಪನಿಯವರು ಹೀಗೆ ಬರ್ತಾರಾ? ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತಾರೆ, ಅಷ್ಟೇ."

ನಾನು ಫೋನ್ ಎತ್ತಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಜನರಲ್ ಮ್ಯಾನೇಜರ್, "ಈ ಸಲದ ಹಣ್ಣಿನ ಪಿಕಿಂಗಿಗೆ ನಮ್ಮ ಒಂದು ತೋಟದಲ್ಲಿ ಹಾಕಿ ನೋಡುವ" ಎಂದರು. ಒಂದು ತೋಟ ಮುಂದೆ ಅವರ ಎಲ್ಲ ತೋಟಗಳೂ ಆಯಿತು. ಬಾಗಿಲು ಹಾಕುವ ಮಾತನ್ನು ನಾವು ಮತ್ತೆ ಆಡಲಿಲ್ಲ. ಹೊಗಳಿಕೆಯನ್ನು ದುಡ್ಡು ಕೊಟ್ಟು ಬರೆಸಬಹುದು. ಅಷ್ಟು ಮನಃಪೂರ್ವಕವಾದ ಬೈಗುಳವನ್ನು ಯಾವ ಜಾಹೀರಾತು ಸಂಸ್ಥೆ ತಾನೇ ಬರೆದುಕೊಟ್ಟೀತು? ನಲವತ್ತು ದಾಟಿದ ನನ್ನನ್ನು ನಾಲ್ಕು ಜನರ ಮುಂದೆ ಹುಡುಗನೆಂದು ಕರೆದದ್ದಂತೂ ಬಿಲ್ಲಿಗೆ ಸೇರದ ಉಪಕಾರ.

ಮರುದಿನ ಬೇಕರಿಯಿಂದ ಪ್ಲಮ್ ಕೇಕ್ ಕಟ್ಟಿಸಿಕೊಂಡು ಬಿಟ್ಟಂಗಾಲಕ್ಕೆ ಹೋದೆ. ಕೃತಜ್ಞತೆಯ ಭಾಷಣವನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಮೊದಲ ವಾಕ್ಯಕ್ಕೇ ಆಂಟಿ ತಡೆದರು.

"ಅದೆಲ್ಲ ಇರಲಿ. ಇದರ ಅಕ್ಷರ ಯಾಕೆ ಇಷ್ಟು ಸಣ್ಣ ಮಾರಾಯ? ಇರುವೆ ಸಾಲು ಹೋದ ಹಾಗೆ ಕಾಣ್ತದೆ."

ಅವರ ಜಗಲಿಯಲ್ಲೇ ಕುಳಿತು ದೊಡ್ಡದು ಮಾಡಿದೆ. ಅವರು ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು, "ಇನ್ನೂ ಸ್ವಲ್ಪ" ಎಂದರು. ಇನ್ನೂ ಸ್ವಲ್ಪ ಮಾಡಿದೆ. ಕನ್ನಡಕ ತೆಗೆದಿಟ್ಟು ಓದಿ, ತಲೆಯಾಡಿಸಿ, ಕೇಕ್ ಕತ್ತರಿಸಲು ಒಳಗೆ ಹೋದರು.

ಅದೇ ಅಳತೆಯ ಅಕ್ಷರ ಈಗ ನಮ್ಮ ಎಲ್ಲ ಗಿರಾಕಿಗಳಿಗೂ. ಮೊನ್ನೆ ಬೆಂಗಳೂರಿನ ಆ ಡೈರೆಕ್ಟರ್ ಮೇಡಂ ಸಂದೇಶ ಕಳಿಸಿದ್ದರು: ದಿನವಿಡೀ ನೋಡುವ ಎಷ್ಟೋ ಪರದೆಗಳಲ್ಲಿ ಕನ್ನಡಕ ಹುಡುಕದೆ ಓದಬಹುದಾದದ್ದು ಇದೊಂದೇ, ಇದನ್ನು ಯೋಚಿಸಿದವರಿಗೆ ನನ್ನ ವಂದನೆ ತಿಳಿಸಿ.

ತಿಳಿಸಿದೆ. "ಯಾರಂತೆ?" ಎಂದು ಕೇಳಿದರು ಮುತ್ತಮ್ಮ ಆಂಟಿ. "ಬಿಟ್ಟಂಗಾಲಕ್ಕೆ ಬಂದರೆ ರೊಟ್ಟಿ ತಿಂದು ಹೋಗ್ಲಿಕ್ಕೆ ಹೇಳು."