ತಟ್ಟಿದ ಮೇಲೆ

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಪದವಿಯ ಎರಡನೇ ವರ್ಷದಲ್ಲಿದ್ದೆ. ವಾರಕ್ಕೆ ನಾಲ್ಕು ಸಂಜೆ ಬನ್ನಿಮಂಟಪದ ಹತ್ತಿರದ ಒಂದು ಹಾಲ್‌ಗೆ ಜೂಡೊ ಕಲಿಯಲು ಹೋಗುತ್ತಿದ್ದೆ. ಹಾಲ್ ಎಂದರೆ ಶೀಟು ಹೊದಿಸಿದ ಹಳೆಯ ಗೋದಾಮು. ನೆಲಕ್ಕೆ ತೆಂಗಿನ ನಾರಿನ ಹಾಸು, ಅದರ ಮೇಲೆ ಬಿಗಿದು ಕಟ್ಟಿದ ಟಾರ್ಪಾಲು. ಹುಡುಗಿಯರು ಒಟ್ಟು ಆರು ಜನ. ನನ್ನ ತೂಕದವಳು ಒಬ್ಬಳೇ. ನನ್ನ ಕಾಲೇಜಿನವಳೇ, ಅಗ್ರಹಾರದಿಂದ ಬರುತ್ತಿದ್ದಳು. ಹಾಗಾಗಿ ಒಂದೂವರೆ ವರ್ಷ ನಾವಿಬ್ಬರೇ ಜೋಡಿ. ಅವಳ ಹಿಡಿತ ಯಾವಾಗ ಸಡಿಲುತ್ತದೆ, ಬೀಳುವ ಮುಂಚೆ ಹೇಗೆ ಉಸಿರು ಬಿಗಿಹಿಡಿಯುತ್ತಾಳೆ, ಎಲ್ಲ ನನಗೆ ಗೊತ್ತಿತ್ತು. ನನ್ನದೂ ಅವಳಿಗೆ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಅವಳ ಮನೆಯವರಿಗೆ. ಅವಳ ತಂದೆಗೆ ಗಿಡಮೂಲಿಕೆ, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿ ಇತ್ತು. ಬೆಳಗ್ಗೆ ಲಿಂಗಪೂಜೆ ಮುಗಿಯದೆ ಯಾರೂ ತಿಂಡಿ ಮುಟ್ಟದ ಮನೆ. ಟೈಪಿಂಗ್ ಕ್ಲಾಸಿಗೆ ಎಂದು ಹೇಳಿ ಅವಳು ಬರುತ್ತಿದ್ದಳು. ಅವಳ ಬಿಳಿಯ ದಪ್ಪ ಜೂಡೊ ಅಂಗಿ ನಮ್ಮ ಮನೆಯಲ್ಲಿರುತ್ತಿತ್ತು. ನಮ್ಮಮ್ಮ ಇಬ್ಬರದನ್ನೂ ಒಟ್ಟಿಗೆ ಒಗೆದು ಹಾಕುತ್ತಿದ್ದರು.

"ಟೈಪಿಂಗ್ ಪರೀಕ್ಷೆ ಯಾವಾಗ ಅಂತ ಕೇಳ್ತಾವ್ರೆ ಕಣೆ," ಎಂದು ಅವಳು ನಗುತ್ತಿದ್ದಳು.

ನಮ್ಮ ಸರ್ ಹಗಲು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಆ ವರ್ಷ ನಮಗೆ ತೋಳಿನ ಪಟ್ಟು ಹೇಳಿಕೊಟ್ಟರು. ಎದುರಾಳಿಯನ್ನು ಅಂಗಾತ ಕೆಡವಿ, ಅವಳಿಗೆ ಅಡ್ಡಲಾಗಿ ನಾವೂ ಮಲಗಿ, ಒಂದು ಕಾಲು ಅವಳ ಎದೆಯ ಮೇಲೆ, ಇನ್ನೊಂದು ಕತ್ತಿನ ಮೇಲೆ ಹಾಕಬೇಕು. ಅವಳ ತೋಳು ನಮ್ಮ ತೊಡೆಗಳ ನಡುವೆ ಸಿಕ್ಕಿರುತ್ತದೆ. ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಸೊಂಟ ಮೇಲೆತ್ತಿದರೆ ಮೊಣಕೈ ತಾನು ಮಡಚದ ದಿಕ್ಕಿಗೆ ಬಾಗುತ್ತದೆ. ಸಿಕ್ಕಿಬಿದ್ದವಳು ಇನ್ನೊಂದು ಕೈಯಿಂದ ಎರಡು ಸಲ ತಟ್ಟಿದರೆ ಸೋತೆ ಎಂದರ್ಥ.

"ಎತ್ತಿ ಒಗುದ್ರೆ ಹೆಂಗ್ ಬೀಳ್ಬೇಕು ಅಂತ ಕಲ್ತಿದೀರ," ಎಂದಿದ್ದರು ಸರ್. "ಕೀಲು ಹಂಗಲ್ಲ ಕಣ್ರಮ್ಮ. ನೋವು ಅಂತ ಗೊತ್ತಾಗೋ ಹೊತ್ಗೆ ಮುಕ್ಕಾಲು ಕೆಲ್ಸ ಆಗೋಗಿರುತ್ತೆ. ಸಿಕ್ಕಾಕೊಂಡೋಳು ಬೇಗ ತಟ್ಬೇಕು. ಹಿಡ್ದೋಳು ತಟ್ಟಿದ ತಕ್ಷಣ ಬಿಡ್ಬೇಕು. ನಡುವೆ ಯೋಚ್ನೆ ಮಾಡಕ್ಕೆ ಜಾಗ ಇಲ್ಲ."

ಜಿಲ್ಲಾ ತಂಡಕ್ಕೆ ನಮ್ಮ ತೂಕದಲ್ಲಿ ಒಬ್ಬಳನ್ನೇ ಕಳಿಸುವುದಿತ್ತು. ಅದು ಗೊತ್ತಾದ ಮೇಲೆ ಮೂರು ವಾರ ಅವಳು ನನ್ನನ್ನು ಸೋಲಿಸುತ್ತಲೇ ಹೋದಳು. ಒಂದು ಗುರುವಾರ ನನ್ನನ್ನು ಅದುಮಿ ಹಿಡಿದು ಗೆದ್ದು ಎದ್ದವಳು, "ಇವಳ್ನ ಕೆಡವೋದು ಅಂದ್ರೆ ಹಾಸಿಗೆ ಮಡಚ್ದಂಗೆ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಶುಕ್ರವಾರ ಕಾಲೇಜಿನಲ್ಲಿ ಅವಳ ಪಕ್ಕ ಕೂರಲಿಲ್ಲ.

ಶನಿವಾರ ಸಂಜೆ ಮತ್ತೆ ಅವಳೇ ಎದುರು. ಅವಳು ನನ್ನನ್ನು ಎತ್ತಿ ಹಾಕಲು ನುಗ್ಗಿದಾಗ ನಾನು ಪಕ್ಕಕ್ಕೆ ಸರಿದೆ. ಅವಳು ಉರುಳಿದಳು, ಬಲಗೈ ನನ್ನ ಹಿಡಿತಕ್ಕೆ ಬಂತು. ಕಾಲು ಹಾಕಿ ಹಿಂದಕ್ಕೆ ಒರಗಿದೆ. ಪಟ್ಟು ಎಂದೂ ಅಷ್ಟು ಸರಿಯಾಗಿ ಕೂತಿರಲಿಲ್ಲ. ಅವಳ ಎಡಗೈ ನನ್ನ ಮೀನಖಂಡದ ಮೇಲೆ ಎರಡು ಸಲ ಬಿತ್ತು. ನನಗೆ ಗೊತ್ತಾಯಿತು. ಸ್ಪಷ್ಟವಾಗಿ ಗೊತ್ತಾಯಿತು. ಒಂದು ಉಸಿರು ಎಳೆದುಕೊಂಡು ಸೊಂಟವನ್ನು ಇನ್ನೊಂದಿಷ್ಟು ಮೇಲೆತ್ತಿದೆ.

ಎಳೆ ನುಗ್ಗೆಕಾಯಿ ಮುರಿದಂಥ ಸದ್ದು. ಸದ್ದಿಗಿಂತ ಮುಂಚೆ ಕೀಲು ಜಾರಿದ್ದು ನನ್ನ ಹೊಟ್ಟೆಗೆ ತಾಗಿತು.

ಅವಳು ಕಿರುಚಲಿಲ್ಲ. ಬಾಯಿ ತೆರೆದುಕೊಂಡು ತಗಡಿನ ಶೀಟನ್ನೇ ನೋಡುತ್ತಿದ್ದಳು. ಮೊಣಕೈಯ ಹಿಂದೆ ಮೂಳೆ ಉಬ್ಬಿ, ಅದರ ಮೇಲೆ ಹಳ್ಳ ಬಿದ್ದಿತ್ತು. ಸರ್ ಓಡಿ ಬಂದು, ಕೈ ಅಲುಗದಂತೆ ಟವೆಲ್ ಕಟ್ಟುತ್ತಲೇ ನನ್ನ ಮುಖ ನೋಡಿದರು.

"ತಟ್ಟಿದ್ಲಾ?"

"ಗೊತ್ತಾಗ್ಲಿಲ್ಲ ಸರ್," ಎಂದೆ.

ಆಟೋದಲ್ಲಿ ಪ್ರತಿ ಹಳ್ಳಕ್ಕೂ ಅವಳು ಜೂಡೊ ಅಂಗಿಯ ಮೇಲೆ ಹೊದ್ದಿದ್ದ ದುಪಟ್ಟಾ ಕಚ್ಚುತ್ತಿದ್ದಳು. "ಅಮ್ಮಂಗೆ ಟೈಪಿಂಗ್ ಕ್ಲಾಸ್ ಮೆಟ್ಲಲ್ಲಿ ಬಿದ್ದೆ ಅಂತ ಹೇಳು," ಎಂದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಪಟ್ಟಿ ಹಾಕಿದರು. "ಮೂಳೆ ಹಿಡಿದಿರೋ ಒಳಗಿನ ಕಟ್ಟು ಹರಿದಿದೆ. ಕೈ ಪೂರ್ತಿ ನೆಟ್ಟಗಾಗುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರು. ಸರ್ ಹೊರಗೆ ಬಾಗಿಲ ಬಳಿ ನಿಂತಿದ್ದರು. ಅವಳನ್ನು ಮನೆಗೆ ಬಿಟ್ಟು ಮೆಟ್ಟಿಲಿನ ಸುಳ್ಳು ಹೇಳಿದವಳು ನಾನೇ. ಅವಳ ತಾಯಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಅವಳನ್ನು ಒಳಗೆ ಕರೆದುಕೊಂಡರು.

ಮರುದಿನ ಮಧ್ಯಾಹ್ನ ಹೋದೆ. ಮನೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ. ಅವಳು ರೂಮಿನಲ್ಲಿ ಮಲಗಿದ್ದಳು. ತಾಯಿ ನನ್ನನ್ನು ನಡುಮನೆಯಲ್ಲೇ ನಿಲ್ಲಿಸಿದರು.

"ಟೈಪಿಂಗೂ ಇಲ್ಲ, ಮೆಟ್ಲೂ ಇಲ್ವಂತೆ. ನೋವಲ್ಲಿ ಎಲ್ಲಾ ಹೇಳ್ಬುಟ್ಳು. ಅವಳಪ್ಪಂಗೆ ನಾನಿನ್ನೂ ಹೇಳಿಲ್ಲ. ಏನಾಯ್ತು ಅಂತ ಮೊದ್ಲು ನಂಗೆ ತಿಳೀಬೇಕು. ತೋರ್ಸು."

"ಏನ್ ತೋರಿಸ್ಲಿ ಅಮ್ಮಾ?"

"ಅವ್ಳಿಗೆ ಏನ್ ಮಾಡ್ದೆ, ಅದ್ನ. ನನ್ ಕೈಗೇ ಹಾಕು."

ಚಾಪೆ ಹಾಸಿದರು. ಸೆರಗು ಬಿಗಿದುಕೊಂಡು, ಕೊರಳಿನ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ, ಅಂಗಾತ ಮಲಗಿ ಬಲಗೈ ಚಾಚಿದರು. ನಾನು ಚಾಪೆಯ ಅಂಚಿನಲ್ಲಿ ಕೂತೆ.

"ಎದೆ ಮೇಲೆ ಕಾಲ್ ಹಾಕ್ಬೇಕಾಗುತ್ತಮ್ಮ."

"ಹಾಕು."

ಪಾದದ ಭಾರ ಬೀಳದಂತೆ ಕಾಲು ಅಡ್ಡ ಇಟ್ಟೆ. ಬಳೆ ತುಂಬಿದ ಆ ಕೈಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಒರಗಿದೆ. ಸೊಂಟ ಕೂದಲೆಳೆಯಷ್ಟೂ ಎತ್ತಲಿಲ್ಲ. ಆದರೂ ಅವರ ಉಸಿರು ನಿಂತದ್ದು ನನಗೆ ಕೇಳಿಸಿತು.

"ಸಾಕು ಅನ್ನಕ್ಕೆ ಏನ್ ಮಾಡ್ಬೇಕು?"

"ಆ ಕೈಯಿಂದ ತಟ್ಬೇಕು."

ಅವರು ನನ್ನ ಕಾಲಿನ ಮೇಲೆ ಎರಡು ಸಲ ತಟ್ಟಿದರು. ನಾನು ಬಿಟ್ಟು, ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ಸರಿದೆ. ಅವರು ಎದ್ದು ಕೂತು ಮೊಣಕೈ ಸವರಿಕೊಂಡರು.

"ಅವ್ಳು ತಟ್ಟಿದ್ಲಾ?"

ಸರ್‌ಗೆ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಕೈಯ ಬಿಸಿ ಇನ್ನೂ ನನ್ನ ಅಂಗೈಯಲ್ಲಿತ್ತು.

"ತಟ್ಟಿದ್ಲು. ನಾನು ಬಿಡ್ಲಿಲ್ಲ."

"ಎಷ್ಟ್ ಹೊತ್ತು?"

"ಒಂದ್ ಉಸುರಿನಷ್ಟು."

"ಯಾಕೆ?"

"ಎಲ್ರ ಮುಂದೆ ನನ್ನ ಆಡ್ಕೊಂಡ್ ನಕ್ಕಿದ್ಲು." ಬಾಯಿಂದ ಹೊರಬಿದ್ದಾಗ ಅದು ಎಷ್ಟು ಸಣ್ಣ ಕಾರಣವಾಗಿ ಕೇಳಿತೆಂದರೆ, ತಲೆ ಎತ್ತಲಾಗಲಿಲ್ಲ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಚಾಪೆ ಸುತ್ತಿ ಗೋಡೆಗೆ ಒರಗಿಸಿದರು. "ಇದ್ನ ನೀನೇ ಅವ್ಳಿಗೆ ಹೇಳು. ನಿಮ್ ಮೇಷ್ಟ್ರಿಗೂ ಹೇಳು. ಹೇಳ್ದೆ ಈ ಮನೆ ಹೊಸ್ಲು ಮತ್ತೆ ತುಳೀಬೇಡ," ಎಂದರು.

ಆಗಲೇ ರೂಮಿಗೆ ಹೋದೆ. ಅವಳು ಎದ್ದೇ ಇದ್ದಳು, ಪಟ್ಟಿ ಕಟ್ಟಿದ ಕೈ ದಿಂಬಿನ ಮೇಲಿತ್ತು. ನಾನು ಹೇಳಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಐದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಎದುರಾದರೆ ಪುಸ್ತಕಗಳನ್ನು ಎಡಗೈಗೆ ಬದಲಿಸಿಕೊಂಡು ಹೋಗುತ್ತಿದ್ದಳು.

ಸರ್‌ಗೂ ಹೇಳಿದೆ. ಆ ವರ್ಷ ಅವರು ನಮ್ಮ ತೂಕದಿಂದ ಯಾರನ್ನೂ ಕಳಿಸಲಿಲ್ಲ. "ಎರಡು ತಿಂಗ್ಳು ನೀನು ಯಾರ್ನೂ ಹಿಡಿಯಂಗಿಲ್ಲ. ಬರೀ ಬೀಳು," ಎಂದರು. ಎಲ್ಲರೂ ನನ್ನನ್ನು ಎತ್ತಿ ಎತ್ತಿ ಹಾಕಿದರು. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಅವಳು ಎಂದಾದರೂ ಹಾಲ್‌ಗೆ ಮರಳಿದರೆ ನಾನಲ್ಲಿರಬೇಕು ಎಂದು ಹೋಗುತ್ತಲೇ ಇದ್ದೆ.

ಐದು ತಿಂಗಳ ಮೇಲೆ ಒಂದು ಸಂಜೆ ಅವಳು ಹಾಲ್‌ಗೆ ಬಂದಳು, ಜೊತೆಗೆ ಅವಳ ತಾಯಿ. ತಂದೆಯನ್ನು ಅವರು ಹೇಗೆ ಒಪ್ಪಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹೂ ಕಟ್ಟತೊಡಗಿದರು. ಅವಳು ನೇರ ನನ್ನ ಮುಂದೆ ಬಂದು ನಿಂತಳು. ಬಲಗೈ ಮೊಣಕೈಯಲ್ಲಿ ಸ್ವಲ್ಪ ಬಾಗಿಯೇ ಇತ್ತು.

"ಎಡಗೈಗೆ ಹಾಕು," ಎಂದಳು.

"ಬೇಡ ಕಣೆ. ನನ್ ಕೈಲಾಗಲ್ಲ."

"ನಂಗೆ ಆ ಪಟ್ಟು ರಾತ್ರಿ ಕನಸಲ್ಲಿ ಬರುತ್ತೆ. ಹಾಕು ಅಂದ್ರೆ ಹಾಕು."

ಸರ್ ನಮ್ಮ ಪಕ್ಕದಲ್ಲೇ ಮಂಡಿಯೂರಿ ಕೂತರು. ಹಿಡಿದೆ. ಅವಳ ಮೈ ಹಲಗೆಯಂತೆ ಸೆಟೆದಿತ್ತು. ಸೊಂಟ ಎತ್ತುವ ಮುಂಚೆಯೇ ತಟ್ಟಿದಳು. ಬಿಟ್ಟೆ.

"ಇನ್ನೊಂದ್ಸಲ."

ಮತ್ತೆ ಹಿಡಿದೆ, ಮತ್ತೆ ತಟ್ಟಿದಳು, ಬಿಟ್ಟೆ. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಕೊನೆಗೆ ಅವಳ ಭುಜದ ಬಿಗಿ ಇಳಿಯಿತು. ಎದ್ದು ಕೂತು, "ನಿನ್ ಮೇಲೆ ಸಿಟ್ಟು ಹೋಗಿಲ್ಲ," ಎಂದಳು. "ಗೊತ್ತು," ಎಂದೆ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ನೀರು ಕುಡಿಯಲು ಹೋದಳು. ಅವಳ ತಾಯಿ ಮೊಳಕ್ಕೆ ಮೊಳ ಅಳೆಯುತ್ತ ಹೂ ಕಟ್ಟುತ್ತಲೇ ಇದ್ದರು.