ಹೆಬ್ಬೆರಳ ಕೆಳಗಿನ ಸಾಲು

ಗೋಂದಣ್ಣನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು, ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಅಂಟಿಸಿದವನು ಅವನು. ಮನೆಗೆ ಬಂದರೆ ಹೆಂಡತಿ ಮೊದಲು ಕೈ ತೊಳೆಸಿ ಆಮೇಲೆ ಮಾತಾಡಿಸುತ್ತಿದ್ದಳು. ಒಮ್ಮೆ ಗೋಂದು ತೊಳೆಯದ ಕೈಯಲ್ಲಿ ಮಗಳ ತಲೆ ಸವರಿದ್ದಕ್ಕೆ ಅವಳ ಕೂದಲು ಕತ್ತರಿಸಬೇಕಾಗಿ ಬಂದಿತ್ತು.

ನಿವೃತ್ತಿಗೆ ಎರಡು ವರ್ಷ ಇರುವಾಗ ಗ್ರಂಥಾಲಯಕ್ಕೆ ಸ್ಕ್ಯಾನರ್ ಬಂತು. ನೂರು ವರ್ಷದ ಹಿಂದೆ ಊರಲ್ಲಿದ್ದ ನಾಟಕ ಮಂಡಳಿಯೊಂದರ ನಲವತ್ತಾರು ಕೈಬರಹದ ಪುಸ್ತಕಗಳು ಅಲ್ಲಿದ್ದವು. ಅಚ್ಚಾಗದ ನಾಟಕಗಳು, ಬೇರೆಲ್ಲೂ ಪ್ರತಿ ಇಲ್ಲ. ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸಬೇಕೆಂದು ಗ್ರಂಥಾಲಯ ಸಮಿತಿ ತೀರ್ಮಾನಿಸಿತು.

"ಬೆನ್ನು ಕತ್ತರಿಸಿ ಹಾಳೆ ಬಿಡಿಬಿಡಿಯಾಗಿ ಮಾಡಿಕೊಡಿ, ಬೇಗ ಮುಗಿಯುತ್ತೆ," ಎಂದರು ಗ್ರಂಥಪಾಲಕಿ ಮೇಡಂ.

"ಹೊಲಿದವನ ಕೈಲೇ ಕೊಯ್ಸಬೇಡಿ ಮೇಡಂ. ಒಂದೊಂದೇ ಹಾಳೆ ನಾನೇ ತಿರುಗಿಸ್ತೀನಿ."

"ಆರು ತಿಂಗಳು ಹಿಡಿಯುತ್ತೆ."

"ನೂರು ವರ್ಷ ಕಾದಿವೆ."

ಹಿಡಿದದ್ದು ಹದಿನಾಲ್ಕು ತಿಂಗಳು. ಯಂತ್ರದ ತಪ್ಪಲ್ಲ, ಗೋಂದಣ್ಣ ಓದುತ್ತಿದ್ದ. ಅಂಚಿನಲ್ಲಿ ಯಾರೋ ಗೀಚಿದ್ದನ್ನೂ ಬಿಡುತ್ತಿರಲಿಲ್ಲ. "ಸೇನಾಪತಿ ಇಂದೂ ಬರಲಿಲ್ಲ. ಅಡುಗೆಯವನಿಗೆ ಮೀಸೆ ಹಚ್ಚಿ ನಿಲ್ಲಿಸಿದೆವು" ಎಂಬುದನ್ನು ಓದಿದ ದಿನ ಊಟದ ಹೊತ್ತಿನವರೆಗೂ ಒಬ್ಬನೇ ನಗುತ್ತಿದ್ದ.

ಪುಟಗಳೆಲ್ಲ ಅಂತರ್ಜಾಲಕ್ಕೆ ಏರಿದ ವಾರಕ್ಕೆ ಸಮಿತಿಯಲ್ಲಿದ್ದ ವಕೀಲರೊಬ್ಬರು ಬಂದರು. ಹೊಲಿಗೆ ಬಿಗಿಯಾಗಿದ್ದರಿಂದ ಹಾಳೆಗಳು ಮುಚ್ಚಿಕೊಳ್ಳದಂತೆ ಗೋಂದಣ್ಣ ಒತ್ತಿ ಹಿಡಿದಿದ್ದ. ಮುನ್ನೂರ ಹನ್ನೆರಡು ಪುಟಗಳಲ್ಲಿ ಅವನ ಹೆಬ್ಬೆರಳೂ ಮೂಡಿತ್ತು.

"ಪರಂಪರೆ ನೋಡೋಣ ಅಂತ ಕೂತರೆ ಬರೀ ಹೆಬ್ಬೆಟ್ಟು!" ಎಂದರು ವಕೀಲರು.

ಹೆಬ್ಬೆಟ್ಟು ಅಂದದ್ದು ಬೆರಳಿಗೋ ತನಗೋ ಎಂದು ಗೋಂದಣ್ಣ ಕೇಳಲಿಲ್ಲ. ಮರುದಿನದಿಂದ ಮತ್ತೆ ಸ್ಕ್ಯಾನ್ ಮಾಡಲು ಕೂತ. ಎರಡು ಪುಸ್ತಕ ಮುಗಿಯುವಷ್ಟರಲ್ಲಿ, ಒಂದು ಭಾನುವಾರ ಕಪಾಟಿನ ಮೇಲಿನ ನೀರಿನ ಪೈಪು ಒಡೆಯಿತು. ಸೋಮವಾರ ಬೀಗ ತೆಗೆದಾಗ ಮಿಕ್ಕ ನಲವತ್ತನಾಲ್ಕೂ ನೆನೆದು ಮುದ್ದೆಯಾಗಿದ್ದವು. ಗೋಂದಣ್ಣ ಹಾಳೆ ಹಾಳೆಗೂ ಒತ್ತುಕಾಗದ ಇಟ್ಟು ಫ್ಯಾನಿನ ಕೆಳಗೆ ಹರಡಿದ. ಕಾಗದ ಒಣಗಿತು. ಶಾಯಿ ಮಾತ್ರ ನೀರಿನ ಜೊತೆ ಹೋಗಿತ್ತು.

ಹೆಬ್ಬೆರಳಿನ ಚಿತ್ರಗಳೇ ಗತಿಯಾದವು. "ಕಂಪ್ಯೂಟರಲ್ಲಿ ಬೆರಳು ಅಳಿಸಿಬಿಡಿ," ಎಂದರು ವಕೀಲರು.

"ಅಳಿಸಬಹುದು ಸರ್. ಅದರ ಕೆಳಗಿನ ಅಕ್ಷರ ಎಲ್ಲಿಂದ ತರೋದು?" ಎಂದರು ಮೇಡಂ.

"ನಾನು ಹೇಳ್ತೀನಿ," ಎಂದ ಗೋಂದಣ್ಣ.

ಎರಡು ತಿಂಗಳು ದಿನಾ ಮಧ್ಯಾಹ್ನ ಅವನು ತನ್ನ ಬೆರಳನ್ನೇ ದಿಟ್ಟಿಸಿ ನೋಡುತ್ತ, ಅದು ಮುಚ್ಚಿದ್ದ ಮಾತುಗಳನ್ನು ಹೇಳಿದ. ಮೇಡಂ ಬೆರಳಚ್ಚು ಮಾಡಿದರು. ಒಂದೇ ಒಂದು ಸಾಲು ತಪ್ಪಿಸಿಕೊಂಡಿತು. ಒಂದು ನಾಟಕದಲ್ಲಿ ಮರಣದಂಡನೆಯ ಕೈದಿ ರಾಜನ ಬಳಿ ಪ್ರಾಣಭಿಕ್ಷೆ ಬೇಡುತ್ತಾನೆ. ರಾಜನ ಉತ್ತರ ಬೆರಳಡಿಯಲ್ಲಿತ್ತು. ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. "ಇಲ್ಲಿ ಒಂದು ಸಾಲು ಸಿಕ್ಕಿಲ್ಲ" ಎಂದು ಮೇಡಂ ಬರೆದರು. ಗೋಂದಣ್ಣ ನಿವೃತ್ತನಾದ.

ಮರುವರ್ಷ ಕಾಲೇಜಿನ ಹುಡುಗಿಯರು ಅದೇ ನಾಟಕವನ್ನು ಅಂತರ್ಜಾಲದಿಂದ ಇಳಿಸಿಕೊಂಡು ಆಡಿದರು. ಮಧ್ಯಾಹ್ನದ ಆಟಕ್ಕೆ ಗಂಡಹೆಂಡತಿ ಹೋದರು. ಕೈದಿ ಬೇಡಿಕೊಂಡಳು. ಸಾಲಿಲ್ಲದ ರಾಜ ಸುಮ್ಮನೆ ಅವಳನ್ನೇ ನೋಡಿ, ಬೆನ್ನು ತಿರುಗಿಸಿ ಹೊರಟುಹೋದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಗೋಂದಣ್ಣ ತೊಡೆ ತಟ್ಟಿಕೊಂಡ.

"ಏನಾಯ್ತು ರೀ?" ಎಂದಳು ಹೆಂಡತಿ.

"ಸಾಲು ನೆನಪಾಯ್ತು ಕಣೆ."

"ಏನಂತೆ?"

"'ಆಯಿತು, ನಾಳೆ ನೋಡೋಣ.'"

ಹೆಂಡತಿ ವೇದಿಕೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಇದನ್ನ ಯಾರಿಗೂ ಹೇಳಬೇಡಿ."

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಗ್ರಂಥಾಲಯದ ಮೆಟ್ಟಿಲ ಮೇಲಿದ್ದ.

"ಖಾತ್ರಿನಾ?" ಎಂದರು ಮೇಡಂ.

"ಮುಕ್ಕಾಲು ಪಾಲು."

ಸಾಲನ್ನು ಬರೆದು, ಪಕ್ಕದಲ್ಲಿ "ಪುಸ್ತಕ ಹೊಲಿದವರ ನೆನಪಿನಿಂದ, ಮುಕ್ಕಾಲು ಪಾಲು ಖಾತ್ರಿ" ಎಂದೂ ಮೇಡಂ ಸೇರಿಸಿದರು. ಹುಡುಗಿಯರು ಅದನ್ನು ಓದಿದರು. ಮುಂದಿನ ಆಟದಲ್ಲೂ ಅವರ ರಾಜ ಬಾಯಿ ಬಿಡಲಿಲ್ಲ. ಗೋಂದಣ್ಣನಿಗೆ ಬೇಸರವಾಗಲಿಲ್ಲ. ಅವರು ಆಡಿದ್ದೇ ಚೆನ್ನಾಗಿದೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಂಡ. ಬರೆದಿದ್ದು ಮಾತ್ರ ಹಾಗಲ್ಲ ಎಂದ.