ಮಾಡಿನ ಮೇಲಿನ ಮೊದಲ ಕೈ

ಮಾನ್ಯ ಓದುಗರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನೊಂದು ಮನೆಯ ಮಾಲೀಕಳೆಂಬ ನನ್ನ ತಿಳಿವಳಿಕೆಯು ಕಳೆದ ವರ್ಷದ ಬೇಸಿಗೆಯಲ್ಲಿ ಭಾಗಶಃ ರದ್ದಾಯಿತು. ನಾನು ಬೆಳಗಾವಿಯ ಕಚೇರಿಯೊಂದರಲ್ಲಿ ನಿವೃತ್ತಿಯವರೆಗೂ ಪತ್ರಗಳನ್ನು ಬರೆದವಳು. ಅವುಗಳಲ್ಲಿ ಒಂದರಲ್ಲಿಯೂ ನನ್ನ ಸ್ವಂತ ಮಾತೆಂಬುದು ಇರಲಿಲ್ಲ. ಈಗ ಮೊದಲ ಬಾರಿಗೆ ಸ್ವಂತ ಮಾತು ಬರೆಯಲು ಕುಳಿತರೆ ಕೈ ಹಳೆಯ ಅಭ್ಯಾಸವನ್ನೇ ಹಿಡಿದುಕೊಳ್ಳುತ್ತದೆ. ದಯವಿಟ್ಟು ಮನ್ನಿಸಬೇಕಾಗಿ ವಿನಂತಿ.

ಸದರಿ ಮನೆಯು ಖಾನಾಪುರದ ಹಳೆಯ ಮಣ್ಣಿನ ಗಣಿಗಳ ಪಕ್ಕದ ಓಣಿಯಲ್ಲಿದೆ. ಸುತ್ತಲಿನ ಹಂಚಿನ ಭಟ್ಟಿಗಳಿಗೆಲ್ಲ ಜೇಡಿಮಣ್ಣು ಇಲ್ಲಿಂದಲೇ ಹೋಗುತ್ತಿತ್ತಂತೆ. ಅಗೆತ ನಿಂತ ಮೇಲೆ ಗುಂಡಿಗಳಲ್ಲಿ ನೀರು ತುಂಬಿಕೊಂಡಿತು. ಈಗ ಅಲ್ಲಿ ಎಮ್ಮೆಗಳು ಯಾವ ಗಣಿಯ ಒಡೆಯನಿಗೂ ಇಲ್ಲದ ನೆಮ್ಮದಿಯಿಂದ ಮಲಗಿರುತ್ತವೆ. ನಿವೃತ್ತಿಯಾದಾಗ ನಾನು ಈ ಮನೆಯನ್ನು ಕೊಂಡೆ. ಖರೀದಿ ಪತ್ರದಲ್ಲಿ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು ಎಂದು ನಾಲ್ಕೂ ದಿಕ್ಕುಗಳನ್ನು ಕಾಣಿಸಿದ್ದರು. ಮೇಲಿನ ದಿಕ್ಕಿನ ಬಗ್ಗೆ ಒಂದಕ್ಷರವಿರಲಿಲ್ಲ. ಕಾಗದಪತ್ರಗಳಲ್ಲಿಯೇ ಆಯುಷ್ಯ ಕಳೆದ ನನಗೂ ಆ ಲೋಪ ಹೊಳೆಯಲಿಲ್ಲ.

ಮಳೆ ಬಂದಾಗ ಹೊಳೆಯಿತು. ಮೊದಲ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ನಾನು ಕುಕ್ಕರನ್ನೇ ಇಟ್ಟು ನೀರು ಹಿಡಿದೆ. ಎರಡನೆಯ ಮಳೆಗಾಲಕ್ಕೆ ಹಾಗೆ ಮಾಡುವಂತಿರಲಿಲ್ಲ. ಧಾರವಾಡದಲ್ಲಿದ್ದ ಮಗಳು ಸ್ಮಿತಾ ಬಾಣಂತನಕ್ಕೆ ಬರುವವಳಿದ್ದಳು. ಹಸುಗೂಸಿನ ತೊಟ್ಟಿಲಿಗೆ ಒಂದು ಹನಿ ಬಿದ್ದರೂ ಬೀಗರ ಮುಂದೆ ನಾನು ಯಾವ ಸಮಜಾಯಿಷಿಯನ್ನೂ ಸಲ್ಲಿಸುವಂತಿರಲಿಲ್ಲ. ಆದಕಾರಣ ಮೇ ತಿಂಗಳಲ್ಲಿಯೇ ಹಂಚು ಕೈಯಾಡಿಸಲು, ಅಂದರೆ ಮಾಡಿನ ಹಂಚುಗಳನ್ನೆಲ್ಲ ಇಳಿಸಿ, ಒಡೆದವನ್ನು ತೆಗೆದು, ಮತ್ತೆ ಹೊದಿಸಲು, ಓಣಿಯ ಪರಸುವನ್ನು ಕರೆಸಿದೆ. ಪರಸು ಏಣಿ ತಂದ, ಗೋಡೆಗೆ ಒರಗಿಸಿದ, ಹತ್ತಲಿಲ್ಲ.

“ಮೊದಲಿನ ಹಂಚು ಯಾರು ಮುಟ್ಟತಾರ್ರಿ ಅಕ್ಕಾರ?” ಎಂದ.

“ನೀನೇ ಮುಟ್ಟಪಾ. ಅದಕ್ಕ ಕರಸೇನಿ.”

“ಹಂಗಲ್ರಿ. ಈ ಓಣ್ಯಾಗ ಮೊದಲಿನ ಕೈ ಆ ಮನ್ಯಾಗ ಹುಟ್ಟಿದವರದ ಬೀಳಬೇಕು. ಆಮ್ಯಾಲ ನಮ್ಮ ಕೈ. ನಮ್ಮಪ್ಪನೂ ಹಂಗ ಮಾಡ್ಯಾನ.”

“ಮನಿ ನನ್ನ ಹೆಸರಿಗೈತಿ, ಪರಸು.”

“ಹೆಸರಿಗೈತ್ರಿ, ಖರೇ. ನೀವು ಹುಟ್ಟಿದ್ದೆಲ್ಲಿ?”

ಗೋಕಾಕ ಎಂದೆ. ಅವನು ತಲೆಯಾಡಿಸಿದ ರೀತಿಯಲ್ಲಿ ನನ್ನ ಅರ್ಜಿ ವಿಲೇವಾರಿಯಾಯಿತು. ಹುಟ್ಟಿದವರು ಸಿಗದಿದ್ದರೆ ಏನು ಮಾಡುವುದೆಂದು ಕೇಳಿದೆ. “ಮಳಿ ಸಿಗತೈತ್ರಿ” ಎಂದು ಹೇಳಿ ಏಣಿಯನ್ನು ಅಲ್ಲಿಯೇ ಬಿಟ್ಟು ಹೋದ. ಬೇರೆಯವರನ್ನು ಕರೆದೆ; ಓಣಿಯ ಪದ್ಧತಿ ಮೀರಿ ಯಾರೂ ಬರಲೊಲ್ಲರು. ನನ್ನ ಪತಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸೋಣವೆಂದರು. ನಾನು ಅದನ್ನು ಪರಿಶೀಲಿಸಿ ತಿರಸ್ಕರಿಸಿದೆ.

ಹೀಗೆ ನಾನು ಮನೆಯ ಪೂರ್ವಾಪರವನ್ನು ಹುಡುಕಲು ಹೊರಟೆ. ನನಗೆ ಮಾರಿದ ಭೋಸಲೆಯವರು ಹಿಂಡಲಗಾದಲ್ಲಿದ್ದಾರೆ, ಔಷಧದಂಗಡಿಯವರು. ಮನೆಯಲ್ಲಿ ಬಹುಕಾಲ ವಾಸವಿದ್ದವರಿಗೆ ಮಕ್ಕಳು ಅಲ್ಲಿಯೇ ಹುಟ್ಟಿರಬೇಕೆಂಬುದು ನನ್ನ ಎಣಿಕೆ. ಅವರು ನಕ್ಕುಬಿಟ್ಟರು. ಔಷಧದಂಗಡಿಯವನ ಮಕ್ಕಳು ಆಸ್ಪತ್ರೆ ಬಿಟ್ಟು ಮನೆಯಲ್ಲಿ ಹುಟ್ಟಿದರೆ ಗಿರಾಕಿಗಳು ಏನೆನ್ನುತ್ತಾರೆ ಎಂದು ನನ್ನನ್ನೇ ಕೇಳಿದರು. “ಆ ಭಾನಗಡಿ ತಂಟೇನ ಬ್ಯಾಡಂತ ನಾವು ಹಂಚು ಮುಟ್ಟಲೇ ಇಲ್ರಿ ಬಾಯಿ. ಮೂಲ್ಯಾಗ ಒಂದು ಬಕೀಟು ಇಟ್ಟಿದ್ವಿ” ಎಂದರು. ಆ ಬಕೀಟು ಖರೀದಿ ಪತ್ರದಲ್ಲಿ ಕಾಣಿಸಿರಲಿಲ್ಲ.

ಭೋಸಲೆಯವರಿಗೆ ಮಾರಿದವರು ಬೆಳಗಾವಿಯ ಶಹಾಪುರದ ಜೈನ ಮನೆತನದವರು. ಆ ಮನೆಯ ಹಿರಿಯರಾದ ಪದ್ಮವ್ವನವರು ನನಗೆ ಬೆಲ್ಲದ ಚಹಾ ಕೊಟ್ಟು, ನನ್ನ ಲೆಕ್ಕವನ್ನು ಮತ್ತೆ ತಪ್ಪಿಸಿದರು. “ನಾನು ಆ ಮನಿ ಸೊಸಿ. ನನ್ನ ಮಕ್ಕಳೆಲ್ಲಾ ನನ್ನ ತವರಾಗ ಹುಟ್ಟ್ಯಾವ. ಗಂಡನ ಮನ್ಯಾಗ ಯಾರರೆ ಹಡೀತಾರೇನ?” ಎಂದರು.

ಓದುಗರ ಅವಗಾಹನೆಗೆ ತರುವುದೇನೆಂದರೆ, ಇದು ಸಣ್ಣ ಮಾತಲ್ಲ. ಮಗಳನ್ನು ಬಾಣಂತನಕ್ಕೆ ಕರೆಸುತ್ತಿದ್ದ ನನಗೇ ಇದು ತಿಳಿಯಬೇಕಿತ್ತು. ಗಂಡಸರು ಮನೆ ಕಟ್ಟಿ, ಕೊಂಡು, ವಂಶಕ್ಕೆ ಬಿಟ್ಟುಹೋಗುತ್ತಾರೆ. ಆ ವಂಶವು ಮಾತ್ರ ತಪ್ಪದೆ ಇನ್ನೊಬ್ಬರ ಮಾಡಿನ ಕೆಳಗೆ ಹುಟ್ಟಿ ಬರುತ್ತದೆ.

ಹಾಗಾದರೆ ಅವರ ಕಾಲದಲ್ಲಿ ಹಂಚನ್ನು ಯಾರು ಮುಟ್ಟುತ್ತಿದ್ದರು? “ಹಮೀದಾ” ಎಂದರು ಪದ್ಮವ್ವ. ಗಣಿಯ ಮುಕಾದಮನೊಬ್ಬ, ಅಂದರೆ ಅಗೆಯುವ ಆಳುಗಳ ಮೇಸ್ತ್ರಿ, ಆ ಮನೆಯನ್ನು ಕಟ್ಟಿಸಿದವನು. ಹಮೀದಾ ಅವನ ಮಗಳು. “ವರ್ಷಾ ವರ್ಷಾ ಕರಸ್ತಿದ್ವಿ. ಬರೂದು, ಒಂದು ಹಂಚು ಮುಟ್ಟೂದು, ಹೋಳಿಗಿ ಉಂಡು ಹೋಗೂದು. ನಾವು ಮಾರಿದ ಮ್ಯಾಲ ಯಾರು ಕರದಾರ?” ಪದ್ಮವ್ವನ ಮೊಮ್ಮಗ ನನ್ನನ್ನು ಪೀರನವಾಡಿಗೆ ಹೋಗುವ ಬಸ್ಸಿಗೆ ಹತ್ತಿಸಿದ.

ಹಮೀದಾ ಬೀ ಮಗನ ಮನೆಯ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದರು. ನಾನು ಬಂದ ಉದ್ದೇಶವನ್ನು ಕ್ರಮವಾಗಿ ವಿವರಿಸಿದೆ. ಅವರ ಕೈ ಮೊಣಕಾಲಿನ ಮೇಲೆಯೇ ನಿಂತಿತು.

“ಆ ಮಾಡು ಇನ್ನೂ ಐತೇನ್ರಿ? ಯಾರೂ ಕರೀಲಿಲ್ಲ, ಕೆಡವಿ ಸ್ಲ್ಯಾಬ್ ಹಾಕ್ಯಾರಂತ ತಿಳಕೊಂಡಿದ್ದೆ.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, “ಅಡಗಿಮನಿ ಮೂಲಿ ಇನ್ನೂ ಸೋರತೈತಿ?”

“ಸೋರತೈತ್ರಿ.”

ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಯಾವ ಕಚೇರಿಯ ಭಾಷೆಯಲ್ಲಿ ದಾಖಲಿಸಲಿ? ಅವರ ಅಮ್ಮ ಅಲ್ಲಿ ತಾಮ್ರದ ಹಂಡೆ ಇಡುತ್ತಿದ್ದರಂತೆ. ವರ್ಷವೂ ಹಂಚು ಕೈಯಾಡಿಸಿದರೂ ಮೂಲೆ ಬಗ್ಗದೆ ಪದ್ಮವ್ವ ಹಿತ್ತಾಳೆಯ ಪಾತೇಲಿ ಇಡುತ್ತಿದ್ದರಂತೆ. ಆಮೇಲೆ ಭೋಸಲೆಯವರು ಬಕೀಟು, ನಾನು ಕುಕ್ಕರು. ಮಾಲೀಕರಿಂದ ಮಾಲೀಕರಿಗೆ ಅಖಂಡವಾಗಿ ಹಸ್ತಾಂತರವಾಗಿ ಬಂದದ್ದು ಆ ಸೋರಿಕೆಯೊಂದೇ. ಹಮೀದಾರ ಅಮ್ಮನೂ ಹೆರಿಗೆಗೆ ನಂದಗಡದ ತವರಿಗೇ ಹೊರಟವರು. ಬಂಡಿ ಕಟ್ಟಿದ್ದರು, ಹಳ್ಳ ತುಂಬಿ ಬಂತು, ಬಂಡಿ ತಿರುಗಿ ಬಂತು. “ಹಳ್ಳ ಇಳಿಯೂ ತನಕ ನಾ ಕಾಯಲಿಲ್ಲ” ಎಂದು ನಕ್ಕರು.

ಮರುದಿನವೇ ರಿಕ್ಷಾದಲ್ಲಿ ಬಂದರು. ಏಣಿ ಹತ್ತುವ ಕಾಲುಗಳಲ್ಲ. ಪರಸು ಸೂರಿನ ಅಂಚಿನ ಹಂಚೊಂದನ್ನು ಬಿಡಿಸದೆ ಕೋಲಿನಿಂದ ತುಸು ಕೆಳಕ್ಕೆ ಜಾರಿಸಿಕೊಟ್ಟ. ಹಮೀದಾ ಬೀ ಕುರ್ಚಿಯ ಮೇಲಿಂದಲೇ ಎರಡೂ ಕೈ ಚಾಚಿ ಅದನ್ನು ಇಳಿಸಿಕೊಂಡು, ಸೆರಗಿನಿಂದ ಪಾಚಿ ಒರೆಸಿ, “ಹೂಂ, ಹತ್ತಪಾ” ಎಂದರು. ಸಂಜೆಯೊಳಗೆ ಅಡುಗೆಮನೆಯ ಮೂಲೆ ಅಂತೂ ಮುಚ್ಚಿತು. ನಾನು ಹೋಳಿಗೆ ಮಾಡಿದ್ದೆ. ಹೊರಡುವಾಗ ಅವರು ಮೂಲೆಯ ಕಡೆಗೆ ನೋಡಿದ ನೋಟದಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತೆಂದು ನನಗೆ ಅನುಮಾನ.

ಮಳೆ ಬಂತು, ಮಾಡು ಒಣಗಿಯೇ ಇತ್ತು. ಸ್ಮಿತಾ ಬೆಳಗಾವಿಯ ಆಸ್ಪತ್ರೆಯಲ್ಲಿ ಹೆಣ್ಣು ಹಡೆದಳು. ಮಗುವನ್ನು ಮನೆಗೆ ತಂದ ಕೆಲವೇ ದಿನಗಳಲ್ಲಿ, ಎಣ್ಣೆ ಹಚ್ಚುತ್ತಿದ್ದಾಗ, ಒಣಗಿದ ಹೊಕ್ಕಳಬಳ್ಳಿ ನನ್ನ ಅಂಗೈಗೆ ಉದುರಿತು. ನಮ್ಮಲ್ಲಿ ಮಾಡುವಂತೆ ಅದನ್ನು ಸೂರಿನ ನೀರು ಬೀಳುವ ಜಾಗದಲ್ಲಿ ಹೂಳಿದೆ.

ಈ ವರ್ಷದ ಮೇ ತಿಂಗಳಲ್ಲಿ ಪರಸು ಮತ್ತೆ ಏಣಿ ತಂದ. ನಾನು ಮುಂಚಿತವಾಗಿಯೇ ಹಮೀದಾ ಬೀಯವರನ್ನು ಕರೆಸಿದ್ದೆ. ಅವರು ಕುರ್ಚಿಯಲ್ಲಿ ಕುಳಿತರೇ ಹೊರತು ಕೈ ಚಾಚಲಿಲ್ಲ.

“ಕೂಸನ್ನ ತಾ ಬೇಟಿ” ಎಂದರು, ಧಾರವಾಡದಿಂದ ಬಂದಿದ್ದ ಸ್ಮಿತಾಳಿಗೆ.

“ಅದು ಬೆಳಗಾಂವ್ ದವಾಖಾನ್ಯಾಗ ಹುಟ್ಟೇದ್ರಿ” ಎಂದು ಪರಸು ತಕರಾರು ತೆಗೆದ.

“ಹೊಕ್ಕಳಾ ಎಲ್ಲಿ ಉದರೇದ? ಅಕ್ಕಾರ ಹೇಳ್ಯಾರ, ಇಲ್ಲೇ ಸೂರಿನ ಬುಡಕ ಐತಿ. ಇನ್ನೇನು ನಿನಗ ದಾಖಲಾ ಬೇಕು? ನಾ ಎಷ್ಟು ವರ್ಷ ಬರ್ಲಿ? ಮೊಣಕಾಲು ಕೇಳವಲ್ಲವು.”

ಪರಸು ಕ್ಷಣಹೊತ್ತು ಸೂರಿನ ಕೆಳಗಿನ ಮಣ್ಣನ್ನು ನೋಡಿದ. ಆಮೇಲೆ ಕೋಲೆತ್ತಿ ಹಂಚನ್ನು ಜಾರಿಸಿದ. ಹಮೀದಾ ಬೀ ತಮ್ಮ ಕೈಯೊಳಗೆ ಮಗುವಿನ ಕೈಯಿಟ್ಟುಕೊಂಡು ಹಂಚಿಗೆ ಒತ್ತಿದರು. ಮಗು ಹಂಚನ್ನು ನೆಕ್ಕಲು ನೋಡಿತು.

ಅಲ್ಲಿಗೆ ಈ ಮನೆಯ ಹಕ್ಕು ಹಮೀದಾ ಬೀಯವರಿಂದ ನನ್ನ ಮೊಮ್ಮಗಳಿಗೆ ವರ್ಗವಾಯಿತು. ನಡುವೆ ಬಂದುಹೋದವರೆಲ್ಲ, ಖರೀದಿ ಪತ್ರವನ್ನು ಕಪಾಟಿನಲ್ಲಿ ಭದ್ರವಾಗಿಟ್ಟ ನಾನೂ ಸೇರಿದಂತೆ, ಹಂಗಾಮಿ ನೇಮಕಾತಿಯವರು.

“ಅಕ್ಕಾರ, ಹಂಗ್ಯಾಕ ನಿಂತೀರಿ, ಏಣಿ ಹಿಡೀರಿ” ಎಂದ ಪರಸು.

ಆದೇಶದ ಮೇರೆಗೆ ಹಿಡಿದುಕೊಂಡೆ.